ಊರ ಮುಂದೆ ಹೇಳಲಾಗದ ಕಾಯಿಲೆ

ಕಳೆದ ದೀಪಾವಳಿಯ ಮರುವಾರದ ಒಂದು ಸಂಜೆ. ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ ಶ್ರೀಮಠದ ಹಳೆಯ ಭಕ್ತರೊಬ್ಬರು ಒಬ್ಬರೇ ಬಂದರು. ಒಕ್ಕಲುತನದ ಮನೆತನ, ಅರವತ್ತರ ಸಮೀಪದ ವಯಸ್ಸು, ಮೂವತ್ತು ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿರುವ ಕುಟುಂಬ. ಕುಳಿತವರು ತಲೆಯ ಮೇಲಿನ ಟೋಪಿಯನ್ನು ತೆಗೆದು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಡಾಕ್ಟರ್ ಸಾಹೇಬ್ರ, ಹುಡುಗಗ ಬೆಂಗಳೂರಾಗ ಥೆರಪಿ ನಡದೈತ್ರಿ” ಎಂದರು. ಹಬ್ಬಕ್ಕೆ ಬಂದಿದ್ದ ಮಗ ಗೆಳೆಯನೊಡನೆ ಫೋನಿನಲ್ಲಿ ಮಾತನಾಡುವಾಗ ಕಿವಿಗೆ ಬಿದ್ದ ಮಾತು ಅದು. “ನಮ್ಮ ಕಾಕಾಗೂ ಥೆರಪಿ ಕೊಟ್ಟಿದ್ರು. ಆರು ತಿಂಗಳ ಉಳೀಲಿಲ್ರಿ” ಎನ್ನುವಾಗ ಅವರ ಕಣ್ಣು ತುಂಬಿ ಬಂದಿತ್ತು.

ಅವರಿಗೆ ತಿಳಿದಿದ್ದ ಥೆರಪಿ ಒಂದೇ, ಅರ್ಬುದ ರೋಗಕ್ಕೆ ಕೊಡುವ ಕೀಮೋಥೆರಪಿ. ಮರುದಿನ ಮಗನನ್ನು ಕರೆಸಿ ಕೇಳಿದೆವು. ಇಪ್ಪತ್ತೇಳರ ತರುಣ, ಕಂಪ್ಯೂಟರ್ ಕಂಪನಿಯಲ್ಲಿ ನೌಕರಿ. ಅವನಿಗೆ ಆಗಿದ್ದುದು ಡಿಪ್ರೆಶನ್, ಅಂದರೆ ಖಿನ್ನತೆ. ಎಂಟು ತಿಂಗಳಿಂದ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆಯುತ್ತಿದ್ದ. ಗುಣಮುಖನಾಗುತ್ತಿದ್ದ. ತಂದೆಗೆ ಇದನ್ನು ಬಿಡಿಸಿ ಹೇಳಿದಾಗ ಅವರು ಮೊದಲು ದೀರ್ಘವಾಗಿ ಉಸಿರು ಬಿಟ್ಟರು. ಕ್ಷಣ ಕಳೆಯುವುದರೊಳಗೆ ಮುಖ ಮತ್ತೆ ಕಪ್ಪಿಟ್ಟಿತು. “ಕ್ಯಾನ್ಸರ್ ಆಗಿದ್ರ ಊರ ಮುಂದ ಹೇಳಬೋದಿತ್ರಿ. ಇದನ್ನ ಯಾರ ಮುಂದ ಹೇಳ್ಲಿ?” ಎಂದರು.

ನಲವತ್ತು ವರ್ಷಗಳ ವೈದ್ಯವೃತ್ತಿಯಲ್ಲಿ ನಾವು ಕೇಳಿದ ಮಾತುಗಳಲ್ಲಿ ಇದರಷ್ಟು ಕಳವಳ ಉಂಟುಮಾಡಿದ್ದು ಮತ್ತೊಂದಿಲ್ಲ. ಜೀವ ತೆಗೆಯಬಲ್ಲ ರೋಗವನ್ನು ಹೇಳಿಕೊಳ್ಳಬಹುದು, ಗುಣವಾಗಬಲ್ಲ ರೋಗವನ್ನು ಹೇಳಿಕೊಳ್ಳಲಾಗದು! ಮಗನಿಗೆ, “ತಮ್ಮಾ, ಮನ್ಯಾಗ ಯಾಕ ಹೇಳಲಿಲ್ಲ?” ಎಂದು ಕೇಳಿದೆವು. “ಅವ್ವಗ ಹೇಳಬೇಕಂದ್ರ ನನ್ನ ಹಂತೇಕ ಕನ್ನಡ ಶಬ್ದನ ಇರಲಿಲ್ರಿ. ಇದ್ದದ್ದು ಒಂದ ಶಬ್ದ, ಹುಚ್ಚು. ನನಗ ಹುಚ್ಚು ಹಿಡದಿಲ್ಲಲ್ರಿ” ಎಂದ.

ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇವೆ. ನಗರಕ್ಕೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಮನಸ್ಸಿನ ನೋವನ್ನು ಹೇಳಲು ಇಂಗ್ಲಿಷಿನ ಪದಗಳನ್ನು ಕಲಿತು ಬರುತ್ತಿದ್ದಾರೆ. ಮನೆಯ ಹಿರಿಯರಿಗೆ ಆ ಪದಗಳು ಅರ್ಥವಾಗುವುದಿಲ್ಲ. ಹಿರಿಯರ ಬಳಿ ಇರುವ ಪದಗಳು ಮಕ್ಕಳನ್ನು ಚುಚ್ಚುತ್ತವೆ. ಈ ಎರಡರ ನಡುವೆ ರೋಗ ಬೆಳೆಯುತ್ತದೆ. ಆದುದರಿಂದ ಈ ತಿಂಗಳು ಯಾವ ಕಷಾಯ, ಯಾವ ಲೇಹ್ಯದ ವಿಚಾರವನ್ನೂ ಎತ್ತಿಕೊಳ್ಳದೆ, ಕೆಲವು ಮಾತುಗಳ ಅರ್ಥವನ್ನು ಸದ್ಭಕ್ತರ ಮುಂದಿಡುತ್ತೇವೆ.

ಜ್ವರ ಬಂದವನು, ಹುಚ್ಚನಾದವನು

ಕನ್ನಡದಲ್ಲಿ ನಾವು “ಅವನಿಗೆ ಜ್ವರ ಬಂದಿದೆ” ಎನ್ನುತ್ತೇವೆ. “ಅವಳಿಗೆ ದುಃಖವಾಗಿದೆ” ಎನ್ನುತ್ತೇವೆ. ರೋಗವೂ ದುಃಖವೂ ಹೊರಗಿನಿಂದ ಬಂದ ಅತಿಥಿಗಳಂತೆ. ಬರುತ್ತವೆ, ಕೆಲಕಾಲ ಇರುತ್ತವೆ, ಹೋಗುತ್ತವೆ. ಮನುಷ್ಯ ಬೇರೆ, ಅವನಿಗೆ ಬಂದ ರೋಗ ಬೇರೆ ಎಂಬ ವಿವೇಕ ನಮ್ಮ ಭಾಷೆಯ ವ್ಯಾಕರಣದಲ್ಲಿಯೇ ಇದೆ. ಮನಸ್ಸಿನ ಕಾಯಿಲೆಯ ಸಂದರ್ಭದಲ್ಲಿ ಮಾತ್ರ ಈ ವಿವೇಕವನ್ನು ಮರೆಯುತ್ತೇವೆ. ಮೊದಲು “ಹುಚ್ಚು ಹಿಡಿದಿದೆ” ಎಂದು ಪ್ರಾರಂಭವಾದದ್ದು ಬೇಗನೆ “ಹುಚ್ಚ” ಎಂಬ ಹೆಸರೇ ಆಗಿಬಿಡುತ್ತದೆ. ಗುಣವಾಗಿ ಹತ್ತು ವರ್ಷ ಕಳೆದರೂ ಆ ಹೆಸರು ಅಳಿಯದು. ಟೈಫಾಯ್ಡ್ ಬಂದು ಹೋದವನನ್ನು ಯಾರೂ ಆಯುಷ್ಯವಿಡೀ “ಟೈಫಾಯ್ಡಿನವ” ಎಂದು ಕರೆಯುವುದಿಲ್ಲವಷ್ಟೆ.

ಇಂಗ್ಲಿಷ್ ಬಲ್ಲ ವೈದ್ಯರೂ ಲೇಖಕರೂ ಇಂದು ಇದೇ ವಿವೇಕಕ್ಕಾಗಿ ಶ್ರಮಿಸುತ್ತಿದ್ದಾರೆ. ರೋಗದ ಹೆಸರಿನಿಂದ ವ್ಯಕ್ತಿಯನ್ನು ಕರೆಯದೆ “ಇಂಥ ರೋಗವಿರುವ ವ್ಯಕ್ತಿ” ಎನ್ನಬೇಕೆಂದು ಹೇಳುತ್ತಾರೆ. ಅವರು ಕಷ್ಟಪಟ್ಟು ರೂಢಿಸಿಕೊಳ್ಳುತ್ತಿರುವುದು ನಮಗೆ ತಾಯಿನುಡಿಯಲ್ಲಿಯೇ ದೊರೆತಿದೆ. “ಅವನಿಗೆ ಖಿನ್ನತೆಯಾಗಿದೆ”, “ಅವಳಿಗೆ ಚಿತ್ತದ ಕಾಯಿಲೆ ಬಂದಿದೆ” ಎಂದರೆ ಸಾಕು.

ಸ್ಟಿಗ್ಮಾ: ಸುಟ್ಟು ಹಾಕಿದ ಗುರುತು

ಮಾನಸಿಕ ಆರೋಗ್ಯದ ಮಾತು ಬಂದಲ್ಲೆಲ್ಲ ಕೇಳಿಬರುವ ಇಂಗ್ಲಿಷ್ ಪದ ‘ಸ್ಟಿಗ್ಮಾ’. ಕನ್ನಡದಲ್ಲಿ ಕಳಂಕ ಎನ್ನುತ್ತೇವೆ. ಅದರ ಮೂಲ ಗ್ರೀಕ್ ಭಾಷೆಯಲ್ಲಿದೆ. ಗುಲಾಮರ ಮತ್ತು ಅಪರಾಧಿಗಳ ಮೈಮೇಲೆ ಚುಚ್ಚಿ ಅಥವಾ ಸುಟ್ಟು ಹಾಕುತ್ತಿದ್ದ ಗುರುತಿಗೆ ಆ ಹೆಸರಿತ್ತು. ಕಂಡವರು ದೂರ ಸರಿಯಲಿ ಎಂಬುದೇ ಅದರ ಉದ್ದೇಶ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಈ ಪದವನ್ನೇ ಹೆಸರಾಗಿರಿಸಿ ಒಂದು ಗ್ರಂಥ ಬರೆದರು. ಕಳಂಕವು ರೋಗಿಯ ಮೇಲಷ್ಟೇ ನಿಲ್ಲದೆ ಅವನ ಜೊತೆಗಿರುವವರಿಗೂ ಅಂಟುತ್ತದೆ ಎಂಬುದನ್ನು ಅವರು ಅದರಲ್ಲಿ ತೋರಿಸಿದರು.

ಇದನ್ನು ತಿಳಿಯಲು ನಮಗೆ ಗ್ರಂಥ ಬೇಕಿಲ್ಲ. ಅಣ್ಣನಿಗೆ ಚಿಕಿತ್ಸೆ ನಡೆದಿದೆ ಎಂದು ತಿಳಿದರೆ ತಂಗಿಯ ಸಂಬಂಧ ಮುರಿಯುತ್ತದೆ. ಸೊಸೆಗೆ ಬಾಣಂತನದಲ್ಲಿ ಮನಸ್ಸು ಕೆಟ್ಟರೆ ತವರಿನವರನ್ನೇ ದೂರುತ್ತಾರೆ. ಇದಕ್ಕಿಂತ ಘೋರವಾದ ಇನ್ನೊಂದು ಕಳಂಕವಿದೆ. ಊರಿನವರು ಆಡುವ ಮಾತನ್ನು ರೋಗಿಯೇ ನಂಬಿಬಿಡುವುದು, “ನಾನು ಕೆಲಸಕ್ಕೆ ಬಾರದವನು, ಮನೆಗೆ ಭಾರ” ಎಂದು ಒಳಗೊಳಗೇ ಒಪ್ಪಿಕೊಳ್ಳುವುದು. ಇಂಗ್ಲಿಷಿನಲ್ಲಿ ಇದನ್ನು ‘ಸೆಲ್ಫ್ ಸ್ಟಿಗ್ಮಾ’ ಎನ್ನುತ್ತಾರೆ. ಅನೇಕರು ಔಷಧವನ್ನು ಅರ್ಧಕ್ಕೇ ಬಿಡುವುದು ಇದರಿಂದಲೇ.

ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಹತ್ತು ಜನ ಕುಳಿತ ಪಂಕ್ತಿಯಲ್ಲಿ ಒಬ್ಬರು ಎಂದಾಯಿತು. ಅವರಲ್ಲಿ ಚಿಕಿತ್ಸೆ ದೊರೆಯದೆ ಉಳಿದವರು, ಬೇರೆ ಬೇರೆ ಕಾಯಿಲೆಗಳಿಗೆ ಅನುಸಾರವಾಗಿ, ಶೇ. 70ರಿಂದ 92. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ. ಬಾಯಿಬಿಟ್ಟು ಹೇಳಲಾಗದ ಸಂಕೋಚ ಮತ್ತೊಂದು ಕಾರಣ.

ಡಿಪ್ರೆಶನ್: ಬೇಸರವಲ್ಲ, ಖಿನ್ನತೆ

ಈ ಪದ ಎಳೆಯರ ಬಾಯಲ್ಲಿ ಅಗ್ಗವಾಗಿದೆ ಎಂಬ ಹಿರಿಯರ ದೂರು ಸುಳ್ಳೇನಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ‘ಡಿಪ್ರೆಶನ್’, ಕ್ರಿಕೆಟ್ ಪಂದ್ಯ ಸೋತರೆ ‘ಡಿಪ್ರೆಶನ್’ ಎನ್ನುವವರಿದ್ದಾರೆ. ಹಾಗೆಂದು ನಿಜವಾಗಿ ನರಳುವವರ ಮಾತನ್ನೂ ಅದೇ ತಕ್ಕಡಿಗೆ ಹಾಕಬಾರದು. ಬೇಸರ ಒಂದೆರಡು ದಿನದಲ್ಲಿ ಕರಗುತ್ತದೆ, ಒಳ್ಳೆಯ ಸುದ್ದಿ ಬಂದರೆ ಮಾಯವಾಗುತ್ತದೆ. ಖಿನ್ನತೆ ಹಾಗಲ್ಲ. ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆಗಳ ಏರುಪೇರು, ತೀವ್ರ ಆಯಾಸ, ತಾನು ತಪ್ಪಿತಸ್ಥನೆಂಬ ಭಾವ, ಬದುಕೇ ಬೇಡವೆನಿಸುವುದು, ಇವು ಅದರ ಲಕ್ಷಣಗಳು.

ನಮ್ಮ ಕಡೆಯ ಜನ, ವಿಶೇಷವಾಗಿ ತಾಯಂದಿರು, ಖಿನ್ನತೆಯನ್ನು ಮನಸ್ಸಿನ ಮಾತಿನಲ್ಲಿ ಹೇಳುವುದಿಲ್ಲ. “ಎದೆ ಭಾರ”, “ಮೈಯೆಲ್ಲ ಉರಿ”, “ತಲೆ ಜುಮ್ ಅಂತೈತಿ”, “ಕೈಕಾಲಾಗ ಶಕ್ತಿ ಇಲ್ಲ” ಎನ್ನುತ್ತಾರೆ. ವರ್ಷಗಟ್ಟಲೆ ಸಲಾಯಿನ್ ಹಾಕಿಸಿಕೊಂಡು, ಶಕ್ತಿಯ ಇಂಜೆಕ್ಷನ್ ಚುಚ್ಚಿಸಿಕೊಂಡು ತಿರುಗಿದವರನ್ನು ನಾವು ಕಂಡಿದ್ದೇವೆ. ಇಂಥವರಲ್ಲಿ ಮೊದಲು ರಕ್ತಹೀನತೆ, ಥೈರಾಯ್ಡ್ ಮತ್ತು ಬಿ-12 ಜೀವಸತ್ವದ ಪರೀಕ್ಷೆ ಮಾಡಿಸಬೇಕು. ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಕೊರತೆ ಸಾಮಾನ್ಯ, ಅದೂ ಮನಸ್ಸನ್ನು ಕುಗ್ಗಿಸಬಲ್ಲದು. ಇವೆಲ್ಲ ಸರಿಯಿದ್ದೂ ಬಾಧೆ ಮುಂದುವರಿದರೆ ಮನಸ್ಸಿನ ಕಡೆ ನೋಡಬೇಕು.

ಇದು ಪಶ್ಚಿಮದಿಂದ ಬಂದ ರೋಗವೆಂಬ ಮಾತೂ ನಿಜವಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ವಾತದಿಂದ ಹುಟ್ಟುವ 80 ವಿಕಾರಗಳ ಪಟ್ಟಿಯಿದೆ. ಅದರಲ್ಲಿ ಗೃಧ್ರಸಿ ಅಂದರೆ ಸಯಾಟಿಕಾ ಇದೆ, ಪಾರ್ಶ್ವವಾಯು ಇದೆ, ಅವುಗಳ ಜೊತೆಯಲ್ಲಿಯೇ ವಿಷಾದ, ನಿದ್ರಾನಾಶ, ಚಿತ್ತದ ಅಸ್ಥಿರತೆಗಳೂ ಇವೆ. ಸೊಂಟದ ನೋವಿಗೂ ಮನಸ್ಸಿನ ನೋವಿಗೂ ಪ್ರಾಚೀನ ಆಚಾರ್ಯರು ಬೇರೆ ಬೇರೆ ಮರ್ಯಾದೆ ಕೊಡಲಿಲ್ಲ. ನಾವೇ ನಡುವೆ ಗೋಡೆ ಕಟ್ಟಿಕೊಂಡೆವು.

ಆಂಗ್ಜೈಟಿ ಮತ್ತು ಪ್ಯಾನಿಕ್ ಅಟ್ಯಾಕ್

ಆಂಗ್ಜೈಟಿ ಎಂದರೆ ಆತಂಕ. ಪರೀಕ್ಷೆಯ ಮುಂಚೆ, ಮಗಳ ಹೆರಿಗೆಯ ಮುಂಚೆ ಆತಂಕವಾಗುವುದು ಸಹಜ. ಕಾರಣವಿಲ್ಲದೆ ಅಥವಾ ಕಾರಣಕ್ಕೆ ಮೀರಿ ತಿಂಗಳುಗಟ್ಟಲೆ ಕಾಡಿ, ದಿನನಿತ್ಯದ ಕಾಯಕಕ್ಕೆ ಅಡ್ಡಿಯಾದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಅದರ ಒಂದು ತೀವ್ರ ರೂಪ ಪ್ಯಾನಿಕ್ ಅಟ್ಯಾಕ್. ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ಬೆವರು, ನಡುಕ, “ಈಗಲೇ ಸತ್ತುಹೋಗುತ್ತೇನೆ” ಎಂಬ ಭಯ. ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ ಅನಂತರ ತಾನಾಗಿ ಇಳಿಯುತ್ತದೆ. ಇದು ನಟನೆಯಲ್ಲ, ಮೈಮೇಲೆ ಬಂದದ್ದೂ ಅಲ್ಲ. ಎದೆನೋವು ಮೊದಲ ಬಾರಿಗೆ ಬಂದಾಗ ತಡಮಾಡದೆ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸಲೇಬೇಕು. ಹೃದಯ ಸರಿಯಿದೆ ಎಂದು ಖಚಿತವಾದ ಮೇಲೆ “ನಿನಗೇನೂ ಆಗಿಲ್ಲ, ಸುಮ್ಮನಿರು” ಎಂದು ಗದರುವ ಬದಲು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಥೆರಪಿ ಎಂದರೆ ಸೇವೆ

ನಮ್ಮ ಭಕ್ತರನ್ನು ಅಷ್ಟು ಹೆದರಿಸಿದ ಈ ಪದದ ಮೂಲಾರ್ಥ ತಿಳಿದರೆ ಸಮಾಧಾನವಾದೀತು. ಗ್ರೀಕ್ ಭಾಷೆಯ ‘ಥೆರಪೈಯಾ’ ಎಂಬ ಮಾತಿಗೆ ಸೇವೆ, ಶುಶ್ರೂಷೆ ಎಂದು ಅರ್ಥ. ಸಂಸ್ಕೃತದ ಶುಶ್ರೂಷಾ ಪದದ ಮೂಲಾರ್ಥವಂತೂ ಕೇಳುವ ಇಚ್ಛೆ. ಕಿವಿಗೊಟ್ಟು ಕೇಳುವುದೇ ಸೇವೆಯ ಮೊದಲ ಮೆಟ್ಟಿಲೆಂದು ಎರಡೂ ಭಾಷೆಗಳು ಸೇರಿ ಹೇಳಿದಂತಿದೆ. ದಾಸೋಹವನ್ನು ಅರಿತ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮನಸ್ಸಿನ ಥೆರಪಿಯಲ್ಲಿ ವಾರಕ್ಕೊಮ್ಮೆ, ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ, ತರಬೇತಿ ಪಡೆದವರೊಡನೆ ಏಕಾಂತದಲ್ಲಿ ಮಾತುಕತೆ ನಡೆಯುತ್ತದೆ. ಇದನ್ನೇ ‘ಸೆಶನ್’ ಎನ್ನುತ್ತಾರೆ. ಅಲ್ಲಿ ಉಪದೇಶವಿರುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ‘ಸಿ.ಬಿ.ಟಿ.’ ಎಂಬ ಪದ್ಧತಿಯನ್ನು ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದರು. ಘಟನೆಗಿಂತ ಆ ಘಟನೆಯ ಬಗೆಗಿನ ನಮ್ಮ ಯೋಚನೆಯೇ ಹೇಗೆ ನೋವನ್ನು ಹೆಚ್ಚಿಸುತ್ತದೆ ಎಂಬುದನ್ನು ರೋಗಿ ತಾನೇ ಗುರುತಿಸಿ ತಿದ್ದಿಕೊಳ್ಳಲು ಅದು ಕಲಿಸುತ್ತದೆ. ಆಯುರ್ವೇದದ ವಿದ್ಯಾರ್ಥಿಗಳಾದ ನಮಗೆ ಇದು ತೀರ ಅಪರಿಚಿತವಲ್ಲ. ಚರಕರು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯ ಒಂದು. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು ಅದರ ಸಾರ.

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಆಪ್ತಸಲಹೆ, ಆಪ್ತಸಮಾಲೋಚನೆ ಎಂಬ ಎರಡು ಪದಗಳಿವೆ. ಎರಡನೆಯದು ನಮಗೆ ಹೆಚ್ಚು ಸರಿಯೆನಿಸುತ್ತದೆ. ಸಲಹೆ ಕೊಡುವವರು ಊರ ತುಂಬ ಇದ್ದಾರೆ, ಜೊತೆಗೆ ಕುಳಿತು ಆಲೋಚಿಸುವವರು ವಿರಳ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಈ ವಿಷಯಗಳನ್ನೆಲ್ಲ ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳ ಮೂಲಕ ತಿಳಿಸಿದ್ದಾರೆ. ಆಸಕ್ತರು ಓದಬಹುದು.

ಯಾರ ಬಳಿ ಹೋಗಬೇಕೆಂಬ ಗೊಂದಲವೂ ಇದೆ. ಸೈಕಿಯಾಟ್ರಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮನೋರೋಗಗಳನ್ನು ವಿಶೇಷವಾಗಿ ಓದಿದ ವೈದ್ಯರು, ಔಷಧ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರ ಓದಿ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುವವರು. ಮೊದಲ ಬಾರಿಗೆ ಹೋಗುವವರು ಸೈಕಿಯಾಟ್ರಿಸ್ಟರನ್ನು ಕಂಡರೆ ಯಾವುದು ಬೇಕೆಂಬುದನ್ನು ಅವರೇ ಹೇಳುತ್ತಾರೆ.

ಸ್ಕಿಝೊಫ್ರೇನಿಯಾ: ಹೆಸರು ಬದಲಿಸಿದ ದೇಶ

ಇಲ್ಲದ ಧ್ವನಿ ಕೇಳುವುದು, ಇಲ್ಲದ ಶತ್ರುಗಳು ಬೆನ್ನಟ್ಟಿದ್ದಾರೆಂದು ದೃಢವಾಗಿ ನಂಬುವುದು, ಮಾತು ಒಂದಕ್ಕೊಂದು ಸಂಬಂಧ ಕಳೆದುಕೊಳ್ಳುವುದು, ಇಂಥ ಸ್ಥಿತಿಗೆ ‘ಸೈಕೋಸಿಸ್’ ಎನ್ನುತ್ತಾರೆ. ಆ ಬಗೆಯ ದೀರ್ಘಕಾಲದ ಒಂದು ಕಾಯಿಲೆ ಸ್ಕಿಝೊಫ್ರೇನಿಯಾ. ಸ್ವಿಟ್ಜರ್‌ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈ ಹೆಸರಿಟ್ಟರು. ಒಡೆದ ಮನಸ್ಸು ಎಂದು ಅದರ ಅರ್ಥ. ಕನ್ನಡದ ‘ಇಚ್ಚಿತ್ತವಿಕಲತೆ’ಯೂ ಅದೇ ಜಾಡಿನದು. ಒಬ್ಬರಲ್ಲಿ ಇಬ್ಬರು ವ್ಯಕ್ತಿಗಳಿರುತ್ತಾರೆಂಬ ಸಿನಿಮಾದ ಕಲ್ಪನೆ ಈ ರೋಗಕ್ಕೆ ಸಂಬಂಧಿಸಿದ್ದಲ್ಲ.

ಜಪಾನಿನಲ್ಲಿಯೂ ಈ ರೋಗಕ್ಕೆ ‘ಒಡೆದ ಮನಸ್ಸಿನ ಕಾಯಿಲೆ’ ಎಂಬ ಅರ್ಥದ ಹೆಸರಿತ್ತು. ಆ ಹೆಸರನ್ನು ಉಚ್ಚರಿಸಲು ವೈದ್ಯರೇ ಹಿಂಜರಿಯುತ್ತಿದ್ದರು. ರೋಗಿಗಳ ಕುಟುಂಬಗಳ ಸಂಘವು ಕೇಳಿಕೊಂಡ ಮೇಲೆ ಅಲ್ಲಿನ ಮನೋವೈದ್ಯರ ಸಂಘ ದೀರ್ಘಕಾಲ ಚರ್ಚಿಸಿ, 2002ರಲ್ಲಿ ಹೆಸರನ್ನು ಬದಲಿಸಿತು. ಹೊಸ ಹೆಸರಿನ ಅರ್ಥ, ಮನಸ್ಸಿನ ಹೊಂದಾಣಿಕೆ ತಪ್ಪಿದ ಸ್ಥಿತಿ ಎಂದು. ತಪ್ಪಿದ್ದನ್ನು ಮತ್ತೆ ಹೊಂದಿಸಬಹುದೆಂಬ ಆಸೆ ಅದರಲ್ಲಿದೆ. ತಮ್ಮ ರೋಗದ ಹೆಸರನ್ನು ವೈದ್ಯರಿಂದ ತಿಳಿದುಕೊಂಡ ರೋಗಿಗಳ ಪ್ರಮಾಣ ಮೊದಲು ಶೇ. 37ರಷ್ಟಿದ್ದದ್ದು ಎರಡು ವರ್ಷಗಳಲ್ಲಿ ಶೇ. 70ರ ಸಮೀಪಕ್ಕೆ ಏರಿತು.

ಹಾಗಾದರೆ ಹೆಸರು ಬದಲಿಸಿದರೆ ಎಲ್ಲವೂ ಸರಿಹೋದೀತೆ? ನಮ್ಮ ರಾಜ್ಯದ ಅನುಭವ ಬೇರೆಯದನ್ನೂ ಹೇಳುತ್ತದೆ. ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದದ್ದು ‘ಲ್ಯೂನಟಿಕ್ ಅಸೈಲಂ’. ಚಂದ್ರನ ಪ್ರಭಾವದಿಂದ ಬುದ್ಧಿ ಕೆಡುತ್ತದೆಂಬ ಹಳೆಯ ನಂಬಿಕೆಯಿಂದ ಬಂದ ಪದ ಅದು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಮರುನಾಮಕರಣ ಮಾಡಿತು. ಅದು ಹೆಚ್ಚು ಗೌರವದ ಹೆಸರಾಗಿತ್ತು. ಇಂದು ‘ಮೆಂಟಲ್’ ಎಂಬುದು ಶಾಲೆಯ ಮಕ್ಕಳೂ ಬಳಸುವ ಬೈಗುಳ. ಅದೇ ಆಸ್ಪತ್ರೆ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು, ಜಗತ್ತೇ ಗೌರವಿಸುವ ಸಂಸ್ಥೆಯಾಯಿತು. “ಇವನನ್ನು ನಿಮ್ಹಾನ್ಸಿಗೆ ಸೇರಿಸಿ” ಎಂದು ಅದರ ಹೆಸರನ್ನೂ ಹಾಸ್ಯಕ್ಕೆ ಬಳಸುತ್ತೇವೆ. ಮನೋಭಾವ ಬದಲಾಗದಿದ್ದರೆ ಎಷ್ಟು ಶುದ್ಧ ಪದ ತಂದರೂ ಅದನ್ನು ನಾವು ಮಲಿನಗೊಳಿಸುತ್ತೇವೆ. ಪಾತ್ರೆ ಬದಲಿಸಿದರೆ ಸಾಲದು, ಕೈಯನ್ನೂ ತೊಳೆದುಕೊಳ್ಳಬೇಕು.

ನಾವು ಆಡಿದ ತಪ್ಪು ಮಾತು

ಪರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ಬಾಣಂತಿಯನ್ನು ಅವಳ ತಾಯಿ ನಮ್ಮಲ್ಲಿಗೆ ಕರೆತಂದಿದ್ದಳು. ಕೂಸು ಎರಡು ತಿಂಗಳದು. ನಿದ್ರೆಯಿಲ್ಲ, ಊಟವಿಲ್ಲ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ನಾವು ಒಂದು ಘೃತವನ್ನೂ ಅರಿಷ್ಟವನ್ನೂ ಕೊಟ್ಟು, “ಎಲ್ಲಾರೂ ಹಡೀತಾರವ್ವಾ, ನೀನೊಬ್ಬಾಕೀನs ಏನು? ಮನಸ್ಸು ಗಟ್ಟಿ ಮಾಡ್ಕೊ” ಎಂದು ಹೇಳಿ ಕಳುಹಿಸಿದೆವು. ಒಳ್ಳೆಯ ಮಾತನ್ನೇ ಆಡಿದೆವೆಂಬ ಸಮಾಧಾನ ನಮಗಿತ್ತು.

ಅವಳು ಮತ್ತೆ ಬರಲಿಲ್ಲ. ಮೂರು ವಾರದ ಮೇಲೆ, ಜೀವ ಕಳೆದುಕೊಳ್ಳಲು ಹೊರಟಿದ್ದವಳನ್ನು ನೆರೆಯವರು ಕಂಡು ಉಳಿಸಿದರೆಂಬ ಸುದ್ದಿ ಬಂತು. ಅನಂತರ ಮನೋವೈದ್ಯರ ಚಿಕಿತ್ಸೆಯಿಂದ ಪೂರ್ಣ ಗುಣವಾದಳು. ವರ್ಷಗಳ ಬಳಿಕ ಮಗನ ಕೆಮ್ಮಿಗೆ ಔಷಧ ಕೇಳಲು ಬಂದಾಗ ಅವಳೇ ಹೇಳಿದಳು: “ಗಟ್ಟಿ ಮಾಡ್ಕೊಳ್ಳಾಕ ಮನಸ್ಸ ನನ್ನ ಕೈಯಾಗ ಇರಲಿಲ್ರಿ. ನೀವು ಹಂಗಂದ ಮ್ಯಾಲೆ, ತಪ್ಪು ನಂದ ಐತಿ ಅಂತ ತಿಳಕೊಂಡ್ನಿ.” ಮುರಿದ ಕಾಲಿನವನಿಗೆ ಓಡು ಎಂದಂತಾಗಿತ್ತು ನಮ್ಮ ಮಾತು. ಹೆರಿಗೆಯ ನಂತರದ ಖಿನ್ನತೆ ಒಂದು ರೋಗ. ತಾಯ್ತನದಲ್ಲಿ ಆದ ಲೋಪವಲ್ಲ. ಅಂದಿನಿಂದ “ಮನಸ್ಸು ಗಟ್ಟಿ ಮಾಡಿಕೊ” ಎಂಬ ಮಾತನ್ನು ನಮ್ಮ ಚಿಕಿತ್ಸಾಲಯದಲ್ಲಿ ಬಿಟ್ಟಿದ್ದೇವೆ.

ಆಯುರ್ವೇದ ವೈದ್ಯರಾಗಿಯೇ ಇನ್ನೊಂದು ಮಾತು ಹೇಳುತ್ತೇವೆ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ನಮ್ಮ ಔಷಧದ ಭರವಸೆಯ ಮೇಲೆ ಯಾರೂ ತಾವಾಗಿ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿಸಬೇಕು. ಏಕಾಏಕಿ ಬಿಟ್ಟರೆ ತೊಂದರೆ. ಗಿಡಮೂಲಿಕೆ ಎಂದಾಕ್ಷಣ ನಿರಪಾಯ ಎಂದೂ ಭಾವಿಸಬಾರದು. ಉನ್ಮಾದಕ್ಕೆ ನಮ್ಮಲ್ಲಿ ಪರಂಪರೆಯಿಂದ ಬಳಸಿದ ಸರ್ಪಗಂಧದಿಂದ ವಿಜ್ಞಾನಿಗಳು 1952ರಲ್ಲಿ ರಿಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಅದು ಮನೋರೋಗ ಚಿಕಿತ್ಸೆಯಲ್ಲಿ ಬಳಕೆಗೂ ಬಂತು. ಖಿನ್ನತೆ ಇರುವವರಿಗೆ ಅದನ್ನು ಕೊಡಬಾರದೆಂಬ ಎಚ್ಚರಿಕೆಯೂ ಜೊತೆಗೇ ಬಂತು. ಯಾವ ಔಷಧ ತೆಗೆದುಕೊಂಡರೂ ಇಬ್ಬರು ವೈದ್ಯರಿಗೂ ತಿಳಿಸಿರಿ. ನಿಯಮಿತ ನಿದ್ರೆ, ಸಾತ್ತ್ವಿಕ ಆಹಾರ, ಪ್ರಾಣಾಯಾಮ, ಪೂಜೆ, ಇವು ಚಿಕಿತ್ಸೆಗೆ ಬಲ ಕೊಡುತ್ತವೆ. ಚಿಕಿತ್ಸೆಯ ಸ್ಥಾನವನ್ನು ಆಕ್ರಮಿಸಬಾರದು.

ಕಾನೂನು ಮತ್ತು ನೆರವು

ಕಾನೂನಿನ ಭಾಷೆಯೂ ನಿಧಾನವಾಗಿ ಬದಲಾಗಿದೆ. 1912ರ ಕಾಯ್ದೆಯ ಹೆಸರು ‘ಇಂಡಿಯನ್ ಲ್ಯೂನಸಿ ಆ್ಯಕ್ಟ್’. 1987ರಲ್ಲಿ ಅದರ ಬದಲು ಮಾನಸಿಕ ಆರೋಗ್ಯ ಕಾಯ್ದೆ ಬಂತು. ಈಗ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಚಿಕಿತ್ಸೆ ಪಡೆಯುವುದು ಅದರ ಪ್ರಕಾರ ಪ್ರತಿಯೊಬ್ಬರ ಹಕ್ಕು. ರೋಗಿಯನ್ನು ಸರಪಳಿಯಿಂದ ಬಂಧಿಸುವುದು ನಿಷಿದ್ಧ. ಆರೋಗ್ಯ ವಿಮೆಯಲ್ಲಿ ದೇಹದ ರೋಗಕ್ಕೆ ಇರುವ ಸೌಲಭ್ಯ ಮನಸ್ಸಿನ ರೋಗಕ್ಕೂ ಇರಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಆರೈಕೆ ನೀಡಬೇಕೆನ್ನುತ್ತದೆ ಅದು, ದಂಡನೆಯ ಮಾತಾಡುವುದಿಲ್ಲ.

ಸರಪಳಿಯ ಮಾತು ಬಂದಾಗ 2001ರ ಆಗಸ್ಟ್ ತಿಂಗಳನ್ನು ಮರೆಯಲಾಗದು. ತಮಿಳುನಾಡಿನ ಏರ್ವಾಡಿಯಲ್ಲಿ, ಹರಕೆಯ ಕ್ಷೇತ್ರದ ಸಮೀಪದ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಮಾನಸಿಕ ರೋಗಿಗಳು ಓಡಲಾಗದೆ ಮೃತರಾದರು. ಅವರನ್ನು ಅಲ್ಲಿ ಬಿಟ್ಟುಹೋದ ಬಂಧುಗಳೆಲ್ಲ ಕ್ರೂರಿಗಳಾಗಿರಲಿಲ್ಲ. ಬೇರೆ ದಾರಿ ಕಾಣದವರಾಗಿದ್ದರು. ಯಾವ ಮತದ ಕ್ಷೇತ್ರವೇ ಆಗಲಿ, ಹರಕೆ, ತಾಯಿತ, ಭಸ್ಮಗಳ ಜೊತೆಗೆ “ಆಸ್ಪತ್ರೆಗೂ ಹೋಗಿ” ಎಂಬ ಒಂದು ಮಾತು ಹೇಳಿದರೆ ಎಷ್ಟೋ ಜೀವ ಉಳಿಯುತ್ತವೆ.

ಇಂದು ದಾರಿಗಳಿವೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಮನೆಬಾಗಿಲಿಗೆ ತರುವ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆದು, ದೇಶಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ದಿನವನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಹೇಳಲು ಸಂಕೋಚವಿರುವವರಿಗೆ ಇದು ಮೊದಲ ಬಾಗಿಲು.

ಮನೆಯಲ್ಲಿ ಆಡಬೇಕಾದ ಮಾತು

ಮನೆಯಲ್ಲಿ ಯಾರಾದರೂ ಮನಸ್ಸಿನ ನೋವು ಹೇಳಿಕೊಂಡರೆ “ನಿನಗೇನು ಕಡಿಮೆಯಾಗಿದೆ?”, “ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ”, “ಮೊಬೈಲ್ ಬಿಟ್ಟರೆ ಸರಿಹೋಗುತ್ತದೆ” ಎನ್ನಬೇಡಿರಿ. “ಎಷ್ಟು ದಿನದಿಂದ ಹೀಗಿದೆ?”, “ರಾತ್ರಿ ನಿದ್ರೆ ಬರುತ್ತದೆಯೆ?”, “ನಾನು ಜೊತೆಗೆ ಬರುತ್ತೇನೆ, ಡಾಕ್ಟರರನ್ನು ನೋಡೋಣ” ಎನ್ನಿರಿ. ಬದುಕಿನ ಬಗ್ಗೆ ಜಿಗುಪ್ಸೆಯ ಮಾತು ಬಂದರೆ “ಸಾಯಬೇಕು ಅನಿಸುತ್ತದೆಯೆ?” ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದವರಿದ್ದಾರೆಂಬುದೇ ಅವರಿಗೆ ದೊಡ್ಡ ಆಸರೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕ ಮತ್ತು ಮಾತ್ರೆಗಳನ್ನು ಕೈಗೆ ಸಿಗದಂತೆ ಇರಿಸಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ನಮ್ಮ ಭಕ್ತರ ವಿಷಯಕ್ಕೆ ಮರಳೋಣ. ಮಹಾಶಿವರಾತ್ರಿಯ ಸಮಯದಲ್ಲಿ ಅವರು ಮತ್ತೆ ಬಂದಿದ್ದರು. ಮಗ ನೌಕರಿಗೆ ಕ್ರಮವಾಗಿ ಹೋಗುತ್ತಿದ್ದಾನೆ, ಮಾತ್ರೆಯ ಪ್ರಮಾಣವನ್ನು ವೈದ್ಯರು ಕಡಿಮೆ ಮಾಡುತ್ತಿದ್ದಾರೆ. “ಊರಾಗ ಕೇಳಿದವ್ರಿಗೆ ಏನಂತ ಹೇಳಿದ್ರಿ?” ಎಂದು ವಿಚಾರಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ನಮ್ಮ ಅಣ್ಣನ ಮುಂದ ಒಬ್ಬನ ಮುಂದ ಹೇಳೇನ್ರಿ. ಹುಡುಗನ ಮನಸ್ಸಿಗೆ ಆರಾಮ ಇರಲಿಲ್ಲ, ಔಷಧ ನಡದೈತಿ, ಈಗ ಕಡಿಮಿ ಆಗೇತಿ ಅಂತ.” ಅಣ್ಣ ಏನೆಂದರು? “ಅಂವ ಗಪ್ಪನ ಕುಂತ್ರಿ. ಆಮ್ಯಾಲೆ ಅಂದ, ನಮ್ಮ ಸೊಸಿಗೂ ಹಿಂಗ ಐತಿ, ಯಾವ ಡಾಕ್ಟರ್ ಅಂತ ಕೇಳಿ ಹೇಳು.”

ಮನಸ್ಸಿಗೆ ಆರಾಮ ಇಲ್ಲ. ಎಂಥ ಸರಳ, ಎಂಥ ಸರಿಯಾದ ಮಾತು! ಮೈಗೆ ಆರಾಮ ಇಲ್ಲ ಎನ್ನುವಷ್ಟೇ ಸಹಜವಾಗಿ ಇದನ್ನೂ ಹೇಳಬಹುದು. ಇಂಗ್ಲಿಷಿನ ಪದಗಳನ್ನು ಮಕ್ಕಳಿಂದ ಕಲಿಯೋಣ, ನಮ್ಮ ಈ ಪದವನ್ನು ಅವರಿಗೆ ಕಲಿಸೋಣ. ಒಂದು ಮನೆಯವರು ಬಾಯಿಬಿಟ್ಟರೆ ಇನ್ನೊಂದು ಮನೆಯ ಬಾಗಿಲೂ ತೆರೆಯುತ್ತದೆ. ಸಕಲ ಭಕ್ತರ ತನುವಿಗೂ ಮನಕ್ಕೂ ಆರಾಮ ಇರಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.